ದೊಡ್ಡಪ್ಪನ ಟ್ರಂಕುಗಳು, ಒಂದು ಗುಂಡುಸೂಜಿ

ಹೋದ ವರ್ಷ ಏಪ್ರಿಲ್ ರಜೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಬರೆದಿಡಬೇಕು ಅಂತ ಆವತ್ತಿನಿಂದ ಮನಸ್ಸಲ್ಲಿದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮೆತ್ತಿನ ಮೇಲೆ ಇಂಥ ಟ್ರಂಕುಗಳು ಇದ್ದೇ ಇರುತ್ತವೆ. ಹೊರಗೆ ಹೋಗಿ ಓದಿ, ಮೇಷ್ಟರಾಗಿ, ಕಡೆಗೆ ಊರಿಗೆ ಬಂದವರ ಕಾಗದಪತ್ರ. ಅದನ್ನು ತೆಗೆದು ಕೂರುವ ಇನ್ನೊಬ್ಬರಾದರೂ ನಾನು ಮಾಡಿದ್ದನ್ನು ಮಾಡದಿರಲಿ.

ನಮ್ಮ ಮೂಲಮನೆ ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿದೆ. ನಾನಿರುವುದು ಕುಮಟಾದಲ್ಲಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಈ ವಿಷಯದ ಹುಚ್ಚು ಹಿಡಿಸಿದವರು ದೊಡ್ಡಪ್ಪ. ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪ್ರೊಫೆಸರ್ ಆಗಿದ್ದರು. 1962ರಲ್ಲಿ ಸೇರಿ, 1996ರಲ್ಲಿ ನಿವೃತ್ತರಾದರು. ನಮ್ಮ ಜಿಲ್ಲೆ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ ಶಿರಸಿಯಲ್ಲಿ ಮೆಟ್ರಿಕ್ ಮುಗಿಸಿ ಧಾರವಾಡಕ್ಕೆ ಹೋದವರು. ಗಣಿತ ಓದಿ ಬಂದ ಡಿ.ಸಿ. ಪಾವಟೆ ಆಗ ಕುಲಪತಿ. ಗುಡ್ಡದ ಮೇಲೆ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ಕಾಲ. "ಕಲ್ಲು ಕೆತ್ತೋ ಸದ್ದಿನ ಜೊತೆಗೇ ಪಾಠ ಕೇಳಿದ್ದು" ಅಂತ ಹೇಳುತ್ತಿದ್ದರು.

ನಿವೃತ್ತರಾಗಿ ಬಂದಾಗ ಲಾರಿಯಲ್ಲಿ ಸಾಮಾನು ಬಂತು. ಅದರಲ್ಲಿ ಆರು ಕಬ್ಬಿಣದ ಟ್ರಂಕ್. ಪಾತ್ರೆ ಇರಬಹುದು ಅಂತ ಆಳುಗಳು ಎತ್ತಲು ಹೋಗಿ ಸುಸ್ತಾದರು. ಕಾಗದಕ್ಕೆ ಇರುವ ಭಾರ ಪಾತ್ರೆಗೆ ಎಲ್ಲಿಂದ ಬರಬೇಕು? ದೊಡ್ಡಪ್ಪ ಅವನ್ನು ಅಡುಗೆಮನೆ ಮೇಲಿನ ಅಟ್ಟದಲ್ಲೇ ಇಡಿಸಿದರು. ಒಲೆಯ ಹೊಗೆ ತಾಗುವ ಜಾಗ, ಹುಳ ಬರುವುದಿಲ್ಲ ಅನ್ನುವ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಮನೆಗೆ ಗ್ಯಾಸ್ ಬಂದು ಕಟ್ಟಿಗೆ ಒಲೆ ನಿಂತಿತು. ಹೊಗೆಯೂ ನಿಂತಿತು. ಆಮೇಲೆ ಬೆಳ್ಳಿ ಬಣ್ಣದ ಪುಟ್ಟ ಹುಳಗಳು ಬಂದವು.

ದೊಡ್ಡಪ್ಪ 2019ರಲ್ಲಿ ತೀರಿಕೊಂಡರು. ದೊಡ್ಡಾಯಿ ಅದಕ್ಕೂ ಮೊದಲೇ ಹೋಗಿದ್ದರು. ಅವರಿಗೆ ಮಕ್ಕಳಿಲ್ಲ. ಟ್ರಂಕುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಹೋದ ವರ್ಷ ಅಟ್ಟದ ಹಲಗೆ ಬದಲಿಸಬೇಕಾಗಿ ಬಂದಾಗ ಆರನ್ನೂ ಕೆಳಗಿಳಿಸಿದೆವು. "ಅದೆಲ್ಲ ಎಂತಕ್ಕೆ ಕೂಸೇ, ದೊಡ್ಡಪ್ಪನೇ ಇಲ್ಲೆ" ಅಂದಳು ನನ್ನ ಆಯಿ, ಅಂದ್ರೆ ಅಮ್ಮ. ನಾನು ಜಗಲಿಯ ಮೇಲೆ ಚಾಪೆ ಹಾಸಿ ಕೂತೆ.

ನಾಲ್ಕು ದಿನದಲ್ಲಿ ಐದು ಟ್ರಂಕ್ ಖಾಲಿ ಮಾಡಿದೆ. ಒಳಗೆ ಗೋಣಿದಾರ ಕಟ್ಟಿದ ಕಟ್ಟುಗಳು. ಒಂದೊಂದರಲ್ಲೂ ಎಲ್ಲ ಬೆರಕೆ. ಪಾಠದ ನೋಟ್ಸ್, ಪ್ರಶ್ನೆಪತ್ರಿಕೆಯ ಕರಡು, ಮನೆಯ ಕಾಗದ, ಅಡಿಕೆ ಮಂಡಿಯ ಪಟ್ಟಿ, ಪ್ರಯೋಗದ ರೀಡಿಂಗ್, ಬಸ್ ಟಿಕೆಟ್. ಇದೆಂಥ ಗೊಂದಲ ಅನ್ನಿಸಿತು. ದಾರ ಬಿಚ್ಚಿದೆ. ತುಕ್ಕು ಹಿಡಿದ ಗುಂಡುಸೂಜಿಗಳನ್ನೆಲ್ಲ ಕಿತ್ತೆ. ನೋಟ್ಸ್ ಒಂದು ಕಡೆ, ಸಂಶೋಧನೆ ಒಂದು ಕಡೆ, ಮನೆಯ ಕಾಗದ ಒಂದು ಕಡೆ ಅಂತ ಚೊಕ್ಕವಾಗಿ ಗುಡ್ಡೆ ಮಾಡಿದೆ. ಹೊಸ ಫೈಲುಗಳನ್ನು ತಂದು ಹಾಕಿದೆ. ಎಷ್ಟು ಸಮಾಧಾನ ಆಗಿತ್ತು ಅಂದ್ರೆ, ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದೆ.

ಆಮೇಲೆ ಇವನ್ನು ಎಲ್ಲಾದರೂ ಕೊಡಬಹುದಾ ಅಂತ ವಿಚಾರಿಸತೊಡಗಿದೆ. ಒಂದು ಕಡೆಯಿಂದ "ಜಾಗ ಇಲ್ಲ, ಮುಖ್ಯವಾದ ನಾಲ್ಕು ಪುಸ್ತಕ ಇದ್ದರೆ ಕೊಡಿ" ಅಂದರು. ಕಡೆಗೆ ಪರಿಚಯದವರ ಮೂಲಕ ದಾಖಲೆ ಕಾಯುವ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಫೋನಿನಲ್ಲಿ ಸಿಕ್ಕಳು. ಅವಳು ಕೇಳಿದ ಮೊದಲ ಪ್ರಶ್ನೆ: "ಕಟ್ಟುಗಳು ಹೇಗಿದ್ದವೋ ಹಾಗೇ ಇವೆ ತಾನೇ ಮೇಡಂ?"

ನಾನು ಸುಮ್ಮನಾದೆ.

ಅವಳು ಬೈಯಲಿಲ್ಲ. ನಿಧಾನವಾಗಿ ಹೇಳಿದಳು. ಒಬ್ಬರ ಕಾಗದಗಳನ್ನು ಅವರೇ ಇಟ್ಟುಕೊಂಡ ಕ್ರಮದಲ್ಲೇ ಉಳಿಸಬೇಕು. ನಮಗೆ ಗೊಂದಲ ಅನ್ನಿಸುವುದು ಅವರಿಗೆ ಗೊಂದಲ ಆಗಿರಲಿಲ್ಲ. ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಒಂದು ಮಾಹಿತಿ, ಕಾಗದದ ಮೇಲೆ ಬರೆದದ್ದರಷ್ಟೇ ದೊಡ್ಡ ಮಾಹಿತಿ. ನ್ಯೂಟನ್‌ನ ಕಾಗದಗಳಿಗೇ ಹೀಗಾಗಿದೆ ಅಂದಳು. ನಾನು ಆಮೇಲೆ ಹುಡುಕಿ ಓದಿದೆ. ಅವನ ಕಾಗದಗಳು ಪೋರ್ಟ್ಸ್‌ಮತ್ ಮನೆತನದ ಹತ್ತಿರ ಇದ್ದವು. 1872ರಲ್ಲಿ ಅವನ್ನು ಕೇಂಬ್ರಿಡ್ಜಿಗೆ ಕೊಟ್ಟರು. ಅಲ್ಲಿಯ ವಿದ್ವಾಂಸರು ವರ್ಷಗಟ್ಟಲೆ ಕೂತು ವಿಂಗಡಿಸಿ 1888ರಲ್ಲಿ ಪಟ್ಟಿ ಅಚ್ಚು ಹಾಕಿಸಿದರು. ಗಣಿತ, ವಿಜ್ಞಾನದ್ದನ್ನು ಇಟ್ಟುಕೊಂಡರು. ರಸವಿದ್ಯೆ, ಧರ್ಮದ ವಿಚಾರದ್ದೆಲ್ಲ ತಮಗೆ ಬೇಡ ಅಂತ ಮನೆತನಕ್ಕೇ ವಾಪಸ್ ಕೊಟ್ಟರು. 1936ರಲ್ಲಿ ಆ ಕಾಗದಗಳು ಲಂಡನ್ನಿನಲ್ಲಿ ಹರಾಜಾಗಿ ದಿಕ್ಕಾಪಾಲಾದವು. ಅರ್ಥಶಾಸ್ತ್ರಜ್ಞ ಕೇನ್ಸ್ ತನ್ನ ದುಡ್ಡಿನಿಂದ ಒಂದಷ್ಟನ್ನು ಕೊಂಡು ಉಳಿಸಿದ. ಒಬ್ಬನೇ ಮನುಷ್ಯ, ಒಂದೇ ಮೇಜು, ಒಂದೇ ಶಾಯಿ. ಅದನ್ನು "ಉಪಯೋಗಕ್ಕೆ ಬರುವುದು", "ಬಾರದ್ದು" ಅಂತ ಎರಡು ಮಾಡಿದರು. ಜಗಲಿಯ ಮೇಲೆ ನಾನು ಮಾಡಿದ್ದೂ ಅದನ್ನೇ.

ಏನು ಕಳೆದುಕೊಂಡೆ ಅನ್ನುವುದು ಒಂದು ಇನ್‌ಲ್ಯಾಂಡ್ ಲೆಟರಿನಿಂದ ಗೊತ್ತಾಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣ. 1898ರ ನಂತರ ನಮ್ಮ ದೇಶದ ನೆಲದ ಮೇಲೆ ಅಂಥದ್ದು ಆಗಿರಲಿಲ್ಲ. ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ನೆಲ ಮುಟ್ಟಿದ್ದೇ ನಮ್ಮ ಕಾರವಾರ, ಅಂಕೋಲಾ ತೀರದಲ್ಲಿ. ಅಲ್ಲಿಂದ ಗದಗ, ರಾಯಚೂರು, ಹೈದರಾಬಾದ್ ಕಡೆಯಿಂದ ಹಾದು ಪುರಿಯ ಹತ್ತಿರ ಮತ್ತೆ ಸಮುದ್ರಕ್ಕೆ ಹೋಯಿತು. ನನಗೆ ಆಗ ಆರು ವರ್ಷ. ಮನೆಯ ಕಿಟಕಿಗಳಿಗೆಲ್ಲ ಗೋಣಿ ಕಟ್ಟಿದ್ದರು. ಅಜ್ಜಿ ಉಪ್ಪಿನಕಾಯಿ ಭರಣಿ, ಹಾಲಿನ ಪಾತ್ರೆ, ನೀರಿನ ಕೊಡ ಒಂದನ್ನೂ ಬಿಡದೆ ದರ್ಭೆ ಹಾಕಿದ್ದಳು. ಮೂರೂವರೆ ದಾಟಿದ ಮೇಲೆ ಗೋಣಿಯ ಸಂದಿಯ ಬೆಳಕೂ ಆರಿದ್ದು, ಕೊಟ್ಟಿಗೆಯಲ್ಲಿ ದನ ಕೂಗಿದ್ದು ನೆನಪಿದೆ. ಅಷ್ಟೇ. ಅದೇ ಹೊತ್ತಿಗೆ ದೊಡ್ಡಪ್ಪ ಹನ್ನೊಂದು ವಿದ್ಯಾರ್ಥಿಗಳ ಜೊತೆ ಅಂಕೋಲಾದ ಸಮುದ್ರದ ದಂಡೆಯಲ್ಲಿದ್ದರು.

ಆ ದಿನದ ನೋಟ್‌ಬುಕ್ ನನಗೆ ಎರಡನೇ ಟ್ರಂಕಿನಲ್ಲಿ ಸಿಕ್ಕಿತ್ತು. ಉದ್ದನೆಯ, ಕೆಂಪು ಬೆನ್ನಿನ ಪುಸ್ತಕ. ಐದೈದು ನಿಮಿಷಕ್ಕೆ ಉಷ್ಣತೆ, ಕ್ಯಾಮೆರಾದ ಲೈಟ್ ಮೀಟರಿನ ರೀಡಿಂಗ್, ಗಾಳಿಯ ದಿಕ್ಕು. ಮರಳಿನ ಮೇಲೆ ಬಿಳಿ ಪಂಚೆ ಹಾಸಿ ಇಬ್ಬರನ್ನು ಬರೇ ಅದನ್ನು ನೋಡಲು ನಿಲ್ಲಿಸಿದ್ದರು. ಸೂರ್ಯ ಪೂರ್ತಿ ಮುಚ್ಚುವ ಮುಂಚೆ ಮತ್ತು ಬಿಡುವಾಗ, ಉಳಿದ ತೆಳು ಎಳೆಯ ಬೆಳಕು ಗಾಳಿಯ ಅಲುಗಾಟಕ್ಕೆ ಸಿಕ್ಕಿ ನೆಲದ ಮೇಲೆ ನೆರಳಿನ ಪಟ್ಟಿಗಳಾಗಿ ಹರಿಯುತ್ತದೆ. ತೋಡಿನ ನೀರಿನ ತಳದಲ್ಲಿ ಬೆಳಕು ಹರಿದಾಡುತ್ತದಲ್ವಾ, ಹಾಗೆ. ಬಿಳಿ ಬಟ್ಟೆಯ ಮೇಲೆ ಮಾತ್ರ ಸರಿಯಾಗಿ ಕಾಣುತ್ತದೆ. "ಪಟ್ಟಿಗಳು ಕಂಡವು, ವಾಯವ್ಯಕ್ಕೆ" ಅಂತ ಯಾವುದೋ ವಿದ್ಯಾರ್ಥಿಯ ದುಂಡು ಅಕ್ಷರದಲ್ಲಿದೆ.

ನಾನು ಆ ಪುಸ್ತಕವನ್ನು "ಸಂಶೋಧನೆ" ಫೈಲಿಗೆ ಹಾಕಿದ್ದೆ. ಅದರ ಜೊತೆಗಿದ್ದ ಒಂದು ಇನ್‌ಲ್ಯಾಂಡ್ ಲೆಟರನ್ನು "ಮನೆ" ಫೈಲಿಗೆ ಹಾಕಿದ್ದೆ. ಫೋನಿನಲ್ಲಿ ಆ ಮಾತು ಕೇಳಿದ ಮೇಲೆ, ಏನಾದರೂ ಸರಿಪಡಿಸಲು ಆಗುತ್ತದಾ ಅಂತ ಮತ್ತೆ ಕೂತೆ. ನೋಟ್‌ಬುಕ್ಕಿನ ಏಳನೇ ಹಾಳೆಯ ಮೇಲ್ತುದಿಯಲ್ಲಿ ಗುಂಡುಸೂಜಿಯ ತುಕ್ಕಿನ ಗುರುತಿತ್ತು. ಸೂಜಿ ಉದ್ದಕ್ಕೆ ಮಲಗಿದ ಹಾಗೆ ಕಂದು ಗೆರೆ, ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ. ಮನೆಯ ಕಾಗದಗಳನ್ನು ಒಂದೊಂದಾಗಿ ಅದರ ಪಕ್ಕ ಹಿಡಿದು ನೋಡುತ್ತ ಹೋದೆ. ಎರಡು ಸಂಜೆ ಹಿಡಿಯಿತು. ಆ ಇನ್‌ಲ್ಯಾಂಡ್ ಲೆಟರಿನ ಗುರುತು ಕೂದಲೆಳೆಯಷ್ಟೂ ತಪ್ಪದೆ ಕೂತಿತು.

ಪತ್ರ ಅಜ್ಜಿಯದು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಅವಳು ಹೇಳಿದ್ದನ್ನು ನನ್ನ ಅಪ್ಪಯ್ಯ ಬರೆದದ್ದು. ಫೆಬ್ರವರಿ 2ರ ತಾರೀಕು. ಕೊನೆಕೊಯ್ಲು ಮುಗಿಯಿತು, ಕೆಂಪು ಆಕಳು ಕರು ಹಾಕಿತು ಅಂತ ಶುರುವಾಗುತ್ತದೆ. ಆಮೇಲೆ: "ಗ್ರಹಣದ ದಿನ ಅಂಕೋಲೆಗೆ ಬರುವೆ ಎಂದು ತಿಳಿಯಿತು. ನಿನಗೆ ಹೇಳಿ ಪ್ರಯೋಜನವಿಲ್ಲ. ಆದರೆ ಪರರ ಮಕ್ಕಳನ್ನು ಕರೆದುಕೊಂಡು ಬರುತ್ತೀಯಂತೆ. ಅವರ ತಾಯಂದಿರನ್ನು ಕೇಳಿದೆಯಾ?"

ನೋಟ್‌ಬುಕ್ಕಿನ ಏಳನೇ ಹಾಳೆಯಲ್ಲಿ ಏನಿತ್ತು ಗೊತ್ತಾ? ಹನ್ನೊಂದು ಹೆಸರು. ಮೇಲೆ ಫೆಬ್ರವರಿ 5ರ ತಾರೀಕು. ಪ್ರತಿ ಹೆಸರಿನ ಮುಂದೆ "ಮನೆಗೆ ಬರೆದಿದೆ" ಅಂತ ಒಂದು ಕಾಲಂ, "ಒಪ್ಪಿಗೆ ಬಂತು" ಅಂತ ಇನ್ನೊಂದು. ಮೊದಲ ಸಲ ನೋಡಿದಾಗ ಪ್ರವಾಸಕ್ಕೆ ಎಲ್ಲ ಮೇಷ್ಟರೂ ಮಾಡುವ ಪಟ್ಟಿ ಅಂದುಕೊಂಡು ಹಾಳೆ ತಿರುವಿದ್ದೆ. ಅದರ ಹಿಂದಿನ ಆರು ಹಾಳೆಗಳಲ್ಲಿ ಜನವರಿಯ ತಯಾರಿ ಎಲ್ಲ ಇದೆ. ಉಪಕರಣ, ಲಾರಿ ಬಾಡಿಗೆ, ಉಳಿಯುವ ಜಾಗ, ಬಿಸಿಲಿಗೆ ಒಡ್ಡಿ ತೊಳೆದ ಕಪ್ಪು ಫಿಲ್ಮನ್ನು ಎರಡು ಪದರ ಮಾಡಿ ಕಣ್ಣಿಗೆ ಕಟ್ಟುವ ಲೆಕ್ಕ. ತಂದೆತಾಯಿಯ ಒಪ್ಪಿಗೆಯ ಮಾತು ಎಲ್ಲೂ ಇಲ್ಲ. ಪತ್ರ ಬಂದ ಮೇಲೆ ಅದು ಬಂತು. ಅಜ್ಜಿಯ ಪ್ರಶ್ನೆಯನ್ನು ದೊಡ್ಡಪ್ಪ ಆ ಪಟ್ಟಿಗೇ ಚುಚ್ಚಿ ಇಟ್ಟುಕೊಂಡಿದ್ದರು.

ಶಾಲೆಯ ಮುಖ ನೋಡದ ತಾಯಿ ಕೇಳಿದ್ದು, ಪ್ರೊಫೆಸರ್ ಮಗ ಮಾಡಿದ್ದು. ಈ ಸಂಗತಿ ಪತ್ರದಲ್ಲೂ ಇಲ್ಲ, ನೋಟ್‌ಬುಕ್ಕಿನಲ್ಲೂ ಇಲ್ಲ. ಎರಡನ್ನೂ ಸೇರಿಸಿದ ಸೂಜಿಯಲ್ಲಿತ್ತು. ನಾನು ಆ ಸೂಜಿ ಕಿತ್ತು ಕಸಕ್ಕೆ ಹಾಕಿದ್ದೆ. ತುಕ್ಕು ಉಳಿದಿದ್ದರಿಂದ ಬಚಾವಾಯಿತು. ಇಂಥ ಇನ್ನೆಷ್ಟು ಜೋಡಿಗಳನ್ನು ಬಿಡಿಸಿದ್ದೇನೋ. ಎಲ್ಲ ಸೂಜಿಗೂ ತುಕ್ಕು ಹಿಡಿದಿರುವುದಿಲ್ಲ.

ಹಳೆಯ ತಪ್ಪು ಇನ್ನೊಂದಿದೆ. ಆ ಕಾಲದಲ್ಲಿ ಒಬ್ಬರ ಸಂಶೋಧನಾ ಲೇಖನ ಬೇಕಾದರೆ ಬರೆದವರಿಗೇ ಕಾರ್ಡ್ ಹಾಕಿ ಪ್ರತಿ ಕೇಳುತ್ತಿದ್ದರು. ದೊಡ್ಡಪ್ಪನಿಗೆ ಪ್ರಾಗ್, ಬುಡಾಪೆಸ್ಟ್, ಲೆನಿನ್‌ಗ್ರಾಡ್‌ನಿಂದೆಲ್ಲ ಅಂಥ ಕಾರ್ಡುಗಳು ಬರುತ್ತಿದ್ದವು. ಬೇಸಿಗೆ ರಜೆಯಲ್ಲಿ ಊರಿಗೆ ಬರುವಾಗ ತರುತ್ತಿದ್ದರು, ನನಗೆ ಸ್ಟಾಂಪಿನ ಆಸೆ ಅಂತ. ನಾನು ಅವನ್ನು ನೀರಲ್ಲಿ ನೆನೆಸಿ ಸ್ಟಾಂಪ್ ಬಿಡಿಸಿಕೊಳ್ಳುತ್ತಿದ್ದೆ. ನೀರಿಗೆ ಶಾಯಿ ಕರಗಿ ಹೋಯಿತು. ಈಗ ಮೂರನೇ ಟ್ರಂಕಿನಲ್ಲಿ ಒಂದು ಕಟ್ಟು ಕಾರ್ಡ್ ಇದೆ. ಯಾರು ಕೇಳಿದರು, ಯಾವ ಲೇಖನ ಕೇಳಿದರು ಅನ್ನುವುದು ಅರ್ಧಕ್ಕರ್ಧ ಕಾರ್ಡುಗಳಲ್ಲಿ ನೀಲಿ ಮೋಡದ ಹಾಗೆ ಮಸುಕಾಗಿದೆ. ಸ್ಟಾಂಪ್ ಆಲ್ಬಮ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೂ ಆ ಕಾರ್ಡುಗಳನ್ನು ಅವರು ಎಸೆಯಲಿಲ್ಲ, ನನಗೆ ಒಂದು ಮಾತೂ ಅನ್ನಲಿಲ್ಲ.

ಅವರ ಸಂಶೋಧನೆ ಏನು ಅಂತ ಹೇಳಲಿಲ್ಲ ಅಲ್ವಾ? ವರ್ಣಪಟಲ. ಎರಡು ಪರಮಾಣು ಸೇರಿದ ಪುಟ್ಟ ಅಣುಗಳು ಬಿಸಿಯಾದಾಗ ಯಾವ ಯಾವ ಬಣ್ಣದ ಬೆಳಕು ಕೊಡುತ್ತವೆ ಅನ್ನುವುದರ ಲೆಕ್ಕ. ನಾಲ್ಕನೇ ಟ್ರಂಕಿನಲ್ಲಿ ಆ ಬೆಳಕಿನ ಫೋಟೋ ಹಿಡಿದ ಗಾಜಿನ ಪ್ಲೇಟುಗಳು ಹಳೆಯ ಪತ್ರಿಕೆಯಲ್ಲಿ ಸುತ್ತಿ ಇದ್ದವು. ಹದಿನೇಳು ಒಡೆಯದೆ ಉಳಿದಿವೆ. ಮಳೆಗಾಲದ ಥಂಡಿಗೆ ಮೂರರ ಮೇಲೆ ಬೂಸ್ಟು ಬಂದು ಲೇಪ ಹಾಳಾಗಿದೆ. ಚೆನ್ನಾಗಿರುವ ಒಂದನ್ನು ಕಿಟಕಿಗೆ ಹಿಡಿದೆ. ಬೆರಳಗಲದ ಪಟ್ಟಿ. ಅದರಲ್ಲಿ ಕೂದಲಿಗಿಂತ ಸಣ್ಣ ಕಪ್ಪು ಗೆರೆಗಳು. ಒಂದು ಕಡೆ ದೂರ ದೂರ, ಬರಬರುತ್ತ ಹತ್ತಿರ ಹತ್ತಿರ, ಕಡೆಗೆ ಒತ್ತೊತ್ತಾಗಿ ಒಂದು ಅಂಚಿಗೆ ಬಂದು ಗಕ್ಕನೆ ನಿಲ್ಲುತ್ತವೆ. ಆ ಅಂಚಿಗೆ ಬ್ಯಾಂಡ್ ಹೆಡ್ ಅನ್ನುತ್ತಾರೆ. ಪಟ್ಟಿಯ ಮೇಲೆ ಕೆಳಗೆ ಕಬ್ಬಿಣದ ಕಿಡಿಯ ಗೆರೆಗಳು. ಕಬ್ಬಿಣದ ಗೆರೆಗಳ ಅಳತೆ ಮೊದಲೇ ಗೊತ್ತಿರುವುದರಿಂದ ಅದೇ ಅಳತೆಪಟ್ಟಿ. ಮೈಕ್ರೋಸ್ಕೋಪಿನಡಿ ಪ್ಲೇಟನ್ನು ಸ್ಕ್ರೂ ತಿರುಗಿಸಿ ಸರಿಸುತ್ತ, ಒಂದೊಂದು ಗೆರೆಯ ಜಾಗವನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದವರೆಗೆ ಓದಿ ಬರೆಯಬೇಕು. ಒಂದು ಪ್ಲೇಟಿಗೆ ನೂರಾರು ಗೆರೆ. ಲಾಗ್ ಟೇಬಲ್ ಹಿಡಿದು ಲೆಕ್ಕ. ದೊಡ್ಡಪ್ಪ ದಪ್ಪ ಕನ್ನಡಕ ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ಆ ಪ್ಲೇಟಿನ ಮೂಲೆಯಲ್ಲಿ "ಸಿ2, 5165" ಅಂತ ಗೀಚಿದ್ದರು. ಎರಡು ಇಂಗಾಲದ ಪರಮಾಣು ಸೇರಿದ ಅಣುವಿನ ಹಸಿರು ಪಟ್ಟಿ, ಸ್ವಾನ್ ಬ್ಯಾಂಡ್. 5165 ಅಂದ್ರೆ ಅದರ ಅಂಚಿನ ತರಂಗಾಂತರ, ಆಂಗ್‌ಸ್ಟ್ರಾಮ್ ಲೆಕ್ಕದಲ್ಲಿ. ಮನೆಗೆ ಗ್ಯಾಸ್ ಒಲೆ ಬಂದ ದಿನ ದೊಡ್ಡಪ್ಪ ನನ್ನನ್ನು ಅಡುಗೆಮನೆಗೆ ಕರೆದು ದೀಪ ಆರಿಸಿದ್ದರು. "ನೀಲಿ ಜ್ವಾಲೆಯ ಒಳಗೆ ಹಸಿರು ಕಾಣ್ತದಾ ತಂಗೀ? ಅದೇ ನಾನು ಇಪ್ಪತ್ತು ವರ್ಷ ಅಳೆದದ್ದು. ಧೂಮಕೇತುವಿನ ತಲೆಯೂ ಇದರಿಂದಲೇ ಹಸಿರು." ಈಗಲೂ ನನ್ನ ಮಕ್ಕಳಿಗೆ, ಅಂದ್ರೆ ಶಾಲೆಯ ಮಕ್ಕಳಿಗೆ, ಮೊದಲು ಹೇಳುವುದು ಇದನ್ನೇ.

ಪಾಠದ ನೋಟ್ಸ್ ಬಗ್ಗೆ ಒಂದಿಡೀ ದಿನ ಹೇಳಬಹುದು. ಪ್ರತಿ ಜೂನ್‌ನಲ್ಲಿ ಹೊಸದಾಗಿ ಬರೆಯುತ್ತಿದ್ದರು. ಅದೇ ಕ್ವಾಂಟಂ ಮೆಕ್ಯಾನಿಕ್ಸ್, ಇಪ್ಪತ್ತೊಂದು ಸಲ. ಪಾಠ ಇಂಗ್ಲಿಷಿನಲ್ಲಿ, ಅಂಚಿನಲ್ಲಿ ತಮಗೇ ಬರೆದುಕೊಂಡದ್ದು ಕನ್ನಡದಲ್ಲಿ. "ಇಲ್ಲಿ ಹುಡುಗರು ಸಿಕ್ಕಿಬೀಳುತ್ತಾರೆ, ನಿಧಾನ." "ಈ ಹೆಜ್ಜೆ ಬೋರ್ಡಿನ ಮೇಲೆಯೇ ಆಗಬೇಕು." 1974ರಲ್ಲಿ ಟನಲಿಂಗ್ ಪಾಠಕ್ಕೆ ನಮ್ಮ ದೇವಿಮನೆ ಘಟ್ಟದ ಉದಾಹರಣೆ ಬರೆದಿದ್ದಾರೆ. ಘಟ್ಟ ಹತ್ತುವಷ್ಟು ಶಕ್ತಿ ಇಲ್ಲದ ಕಣವೂ ಶಿರಸಿಯಿಂದ ಕುಮಟಾ ಕಡೆಗೆ ಹೇಗೋ ಕಾಣಿಸಿಕೊಳ್ಳಬಹುದು ಅಂತ. 1975ರ ಪುಸ್ತಕದ ಅಂಚಿನಲ್ಲಿ: "ಹೋದ ವರ್ಷ ಘಟ್ಟದ ಉದಾಹರಣೆ ಕೊಟ್ಟೆ. ಪರೀಕ್ಷೆಯಲ್ಲಿ ಮೂವರು ಕಣ ಬೆಟ್ಟ ಕೊರೆಯುತ್ತದೆ ಎಂದು ಬರೆದರು. ತಪ್ಪು ನನ್ನದು. ಬಿಡಬೇಕು." 1976ರಲ್ಲಿ ಘಟ್ಟ ಇಲ್ಲ. 1981ರಲ್ಲಿ ಮತ್ತೆ ಬಂದಿದೆ. ಜೊತೆಗೆ ಅಡಿಗೆರೆ ಹಾಕಿ: "ಕೊರೆಯುವುದಿಲ್ಲ ಎಂದು ಮೂರು ಸಲ ಹೇಳುವುದು."

ನಾನೂ ಮೇಷ್ಟರ ಕೆಲಸದವಳು. ಈ ಸಾಲುಗಳನ್ನು ಓದಿ ಕಣ್ಣು ತುಂಬಿತು. ಅವರ ಹೆಸರಿನಲ್ಲಿ ಅಚ್ಚಾದ ಲೇಖನಗಳು ಯಾವುದಾದರೂ ಗ್ರಂಥಾಲಯದಲ್ಲಿ ಉಳಿದಾವು. ನೊಬೆಲ್ ಬಂದ ಖಗೋಳವಿಜ್ಞಾನಿ ಚಂದ್ರಶೇಖರ್ ಅವರ ಕಾಗದಗಳು ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ವಿಜ್ಞಾನಿಗಳ ಕಾಗದಪತ್ರ ಕಾಯುವ ದೊಡ್ಡ ಆರ್ಕೈವ್ಸ್ ಇದೆ. ಸಂತೋಷ. ಆದರೆ ನಮ್ಮ ಊರುಗಳ ಸಾವಿರಾರು ಹುಡುಗರಿಗೆ ಫಿಸಿಕ್ಸ್ ತಲುಪಿದ್ದು ನೊಬೆಲ್ ಬಂದವರಿಂದ ಅಲ್ಲ. ಉದಾಹರಣೆ ಕೆಟ್ಟರೆ ತಪ್ಪು ನನ್ನದು ಅಂತ ಬರೆದುಕೊಂಡು, ಆರು ವರ್ಷ ಯೋಚಿಸಿ ಮತ್ತೆ ಪ್ರಯತ್ನಿಸಿದವರಿಂದ. ಆ ಪ್ರಯತ್ನದ ದಾಖಲೆ ಇರುವುದು ಅಟ್ಟದ ಟ್ರಂಕುಗಳಲ್ಲಿ ಮಾತ್ರ. ಅದಕ್ಕೇ ನನಗೆ ಇಷ್ಟು ಸಂಕಟ.

ಈಗ ಏನು ಮಾಡುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಬೇರೆ ಮಾಡಿದ್ದನ್ನು ತುಕ್ಕು, ಮಡಿಕೆ, ಹುಳ ತಿಂದ ತೂತು ನೋಡಿ ಆದಷ್ಟು ಜೋಡಿಸುತ್ತಿದ್ದೇನೆ. ಹುಳದ ತೂತು ತುಂಬ ನಂಬಿಕಸ್ಥ. ಒಂದರ ಮೇಲೊಂದಿದ್ದ ಹಾಳೆಗಳಲ್ಲಿ ಅದೇ ಜಾಗದಲ್ಲಿ ಇಳಿದಿರುತ್ತದೆ. ಜೋಡಿ ಸಿಕ್ಕಿದ್ದನ್ನು ಒಂದೇ ಕವರಿನಲ್ಲಿಟ್ಟು, ಪೆನ್ಸಿಲ್‌ನಲ್ಲಿ ನಂಬರ್ ಹಾಕಿ ಫೋಟೋ ತೆಗೆಯುತ್ತೇನೆ. ಪೆನ್ನು ಮುಟ್ಟುವುದಿಲ್ಲ, ಸೆಲ್ಲೋಟೇಪ್ ಅಂತೂ ಇಲ್ಲವೇ ಇಲ್ಲ. ಸೂಜಿ ತೆಗೆಯಲೇಬೇಕಾದರೆ ಮೊದಲು ಅದು ಇದ್ದ ಹಾಗೆ ಫೋಟೋ.

ಗ್ರಹಣದ ನೋಟ್‌ಬುಕ್ಕಿನ ಕೊನೆಯ ಹಾಳೆ ಒಂದು ಬಾಕಿ ಇದೆ. ಫೆಬ್ರವರಿ 17, ಮನೆ. ಹುಡುಗರನ್ನು ಧಾರವಾಡದ ಬಸ್ ಹತ್ತಿಸಿ ದೊಡ್ಡಪ್ಪ ಘಟ್ಟ ಹತ್ತಿ ಊರಿಗೆ ಬಂದಿದ್ದಾರೆ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಕರೋನಾದ, ಅಂದ್ರೆ ಸೂರ್ಯ ಪೂರ್ತಿ ಮುಚ್ಚಿದಾಗ ಅದರ ಸುತ್ತ ಕಾಣುವ ಪ್ರಭೆಯ ಚಿತ್ರ. ನಡುವೆ ಕಪ್ಪು ಬಿಲ್ಲೆ, ಸುತ್ತ ಎಲ್ಲ ದಿಕ್ಕಿಗೂ ಎಸಳು ಎಸಳಾಗಿ ಬೆಳಕು. ಸೂರ್ಯನ ಚಟುವಟಿಕೆ ಜೋರಾಗಿದ್ದ ಕಾಲ ಅದು. ಅಂಥ ವರ್ಷಗಳಲ್ಲಿ ಕರೋನಾ ಹೀಗೆ ಸುತ್ತಲೂ ಅರಳುತ್ತದೆ. ಚಟುವಟಿಕೆ ಇಳಿದಾಗ ಎರಡು ಪಕ್ಕಕ್ಕೆ ಮಾತ್ರ ಚಾಚಿಕೊಳ್ಳುತ್ತದೆ. ಚಿತ್ರದ ಕೆಳಗೆ ತಮ್ಮ ಆಯಿಯ, ಅಂದ್ರೆ ನನ್ನ ಅಜ್ಜಿಯ ಬಗ್ಗೆ ಹೀಗಿದೆ: "ಆಯಿಗೆ ತೋರಿಸಿದೆ. ಡೇರೆ ಹೂ ಅಂದಳು. ಇದಕ್ಕಿಂತ ಸರಿಯಾಗಿ ಹೇಳಲು ಆಗದು. ಪಾಠದಲ್ಲಿ ಸೇರಿಸುವುದು."

ಆರನೇ ಟ್ರಂಕನ್ನು ನಾನಿನ್ನೂ ತೆಗೆದಿಲ್ಲ. ಮಳೆಗಾಲ ಮುಗಿಯಲಿ, ನವರಾತ್ರಿ ಹೊತ್ತಿಗೆ ಗಾಳಿ ಒಣಗಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಏನನ್ನೂ ಮುಟ್ಟದೆ ಮೊದಲ ಫೋಟೋ ತೆಗೆಯಬೇಕು. 1980ರಲ್ಲಿ ಅಂಕೋಲಾದ ದಂಡೆಯಲ್ಲಿ ಬಿಳಿ ಪಂಚೆ ಕಾಯುತ್ತ ನಿಂತವರು ಯಾರಾದರೂ ಇದನ್ನು ಓದುತ್ತಿದ್ದರೆ, ನನಗೆ ದಯವಿಟ್ಟು ಬರೆಯಿರಿ. ನಿಮ್ಮ ಮನೆಯಿಂದ ಬಂದ ಒಪ್ಪಿಗೆ ಪತ್ರ ನನ್ನ ಹತ್ತಿರ ಇರಬಹುದು.